ಅರ್ಧ ಸಾಕ್ಷಿ ನಮಗೆ ಬೇಡ



ನಮ್ಮ ಈ ಚಿಕ್ಕ ಪತ್ರಿಕೆಗೆ ಬರುವ ಕಾಗದಗಳಲ್ಲಿ ‘ಸಾಕ್ಷಿ’ಯ ಪುಟಕ್ಕೆಂದು ಬರುವವೇ ಎಲ್ಲಕ್ಕಿಂತ ಹೆಚ್ಚು. ಗುಡಲೂರಿನ ಕಡೆಯಿಂದ ಬರುತ್ತವೆ, ಕೋತಗಿರಿಯ ಕಡೆಯಿಂದ ಬರುತ್ತವೆ, ವಯನಾಡಿನ ಪಾಡಿಗಳಿಂದ ಬರುತ್ತವೆ. ಮಕ್ಕಳ ನೋಟುಬುಕ್ಕಿನಿಂದ ಹರಿದ ಹಾಳೆ, ಹಳೆಯ ಕ್ಯಾಲೆಂಡರಿನ ಹಿಂಬದಿ, ಯಾವುದು ಕೈಗೆ ಸಿಕ್ಕಿತೋ ಅದರ ಮೇಲೆ ಬರೆದಿರುತ್ತಾರೆ. ಕೆಲವು ಕಾಗದಗಳಲ್ಲಿ ಮಾತು ಕನ್ನಡ, ಅಕ್ಷರ ಮಲಯಾಳ ಇಲ್ಲವೆ ತಮಿಳು. ಅಜ್ಜಿ ಹೇಳುತ್ತಾಳೆ, ಮೊಮ್ಮಗ ತನ್ನ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಬರೆಯುತ್ತಾನೆ. ಅವನ್ನು ಓದುವಾಗ ನಮಗೆ ಸಂತೋಷವಾಗುತ್ತದೆ. ದಿನವಿಡೀ ಎಲೆ ಕಿತ್ತು ತೂಕ ಹಾಕಿಸಿ ಬಂದ ಕೈ, ರಾತ್ರಿ ದೇವರ ವಿಷಯ ಬರೆಯಲು ಕೂತಿತಲ್ಲ ಎಂದು.

ಆದರೂ ಈ ಸಲ ನಾವು ಸ್ವಲ್ಪ ಕಟುವಾಗಿಯೇ ಬರೆಯಬೇಕಾಗಿದೆ. ಮೊದಲು ನಮ್ಮನ್ನೇ ಬಯ್ದುಕೊಂಡು, ಆಮೇಲೆ ಮಿಕ್ಕವರ ಕಡೆಗೆ ತಿರುಗುತ್ತೇವೆ.

ನಮ್ಮ ತಪ್ಪು

ಒಂದು ತೋಟದಲ್ಲಿ 31 ವರ್ಷ ದುಡಿದು ಕೆಲಸ ಬಿಟ್ಟ ಒಬ್ಬ ವಿಧವೆ ನಮಗೆ ಸಾಕ್ಷಿ ಹೇಳಿ ಬರೆಸಿದ್ದರು. ಗಂಡ ತೀರಿಕೊಂಡ ರಾತ್ರಿ ತಾನು ಹೇಗೆ ಪ್ರಾರ್ಥನೆ ಮಾಡಿದೆನೆಂಬುದನ್ನೂ, ದೇವರು ತನ್ನ ಮನಸ್ಸಿಗೆ ಹೇಗೆ ಸಮಾಧಾನ ಕೊಟ್ಟನೆಂಬುದನ್ನೂ ಹೇಳಿದ್ದರು. ಅದರ ನಡುವೆಯೇ ಇನ್ನೊಂದು ಮಾತಿತ್ತು. ಕೆಲಸ ಬಿಟ್ಟು ಎರಡು ವರ್ಷವಾದರೂ ಗ್ರ್ಯಾಚುಟಿ ಬಂದಿಲ್ಲ, ಆಫೀಸಿಗೆ ಹೋದಾಗಲೆಲ್ಲ ಮುಂದಿನ ತಿಂಗಳು ಬಾ ಎನ್ನುತ್ತಾರೆ, ಆ ದಾರಿ ನಡೆಯುವಾಗಲೂ ದೇವರು ನನ್ನ ಸಂಗಡ ನಡೆಯುತ್ತಾನೆ ಎಂದು.

ನಾವು ಏನು ಮಾಡಿದೆವು? ಸಮಾಧಾನದ ಮಾತನ್ನು ಅಚ್ಚು ಹಾಕಿದೆವು, ಗ್ರ್ಯಾಚುಟಿಯ ಮಾತನ್ನು ಹೊಡೆದು ಹಾಕಿದೆವು. ‘ಆತ್ಮಿಕ ಪುಟದಲ್ಲಿ ಲೆಕ್ಕಾಚಾರ ಬೇಡ’ ಎಂದು ನಮ್ಮೊಳಗೇ ಮಾತಾಯಿತು. ನಿಜ ಹೇಳಬೇಕಾದರೆ ಸ್ವಲ್ಪ ಹೆದರಿಕೆಯೂ ಇತ್ತು.

ಮುಂದಿನ ಸಲ ಆ ತಾಯಿ ಆಫೀಸಿಗೆ ಹೋದಾಗ ಅಲ್ಲಿದ್ದವರೊಬ್ಬರು ನಮ್ಮ ಪತ್ರಿಕೆಯನ್ನೇ ಎತ್ತಿ ತೋರಿಸಿದರಂತೆ. ‘ಏನಮ್ಮಾ, ದೇವರು ನನಗೆ ಯಾವ ಕೊರತೆಯನ್ನೂ ಇಟ್ಟಿಲ್ಲ ಅಂತ ನಿಮ್ಮ ಸಭೆಯ ಪೇಪರಿನಲ್ಲೇ ಹಾಕಿಸಿದ್ದೀಯಲ್ಲ, ಮತ್ತೆ ಇಲ್ಲಿಗೆ ಯಾಕೆ ಬಂದೆ?’

ಆ ತಾಯಿ ನಮ್ಮ ಬಳಿಗೆ ಬಂದು ಬಯ್ಯಲಿಲ್ಲ. ‘ಅಪ್ಪಾ, ನಾನು ಹೇಳಿದ್ದು ಎರಡು ಮಾತು. ನೀವು ಹಾಕಿದ್ದು ಒಂದೇ’ ಎಂದರು, ಅಷ್ಟೆ. ಬಯ್ದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಐದು ವರ್ಷ ಸೇವೆ ಮುಗಿಸಿದವರಿಗೆ, ದುಡಿದ ಪ್ರತಿ ವರ್ಷಕ್ಕೆ 15 ದಿನದ ಕೂಲಿಯ ಲೆಕ್ಕದಲ್ಲಿ ಸಲ್ಲಬೇಕಾದ ಈ ಹಣ 1972ರ ಕಾನೂನಿನಿಂದ ಬಂದ ಹಕ್ಕು. ಯಾರ ದಾನವೂ ಅಲ್ಲ. ಆಮೇಲೆ ನಾವು ಅವರ ಜೊತೆ ಕೂತು ಕಾರ್ಮಿಕ ಇಲಾಖೆಗೆ ಅರ್ಜಿ ಬರೆದೆವು. ಒಂದು ಭಾಗ ಬಂದಿದೆ, ಉಳಿದದ್ದು ಇನ್ನೂ ಬಾಕಿ. ಆದರೆ ಅವರ ಸಾಕ್ಷಿಯನ್ನು ಅರ್ಧಕ್ಕೆ ಕತ್ತರಿಸಿದ ಪಾಪ ನಮ್ಮದು, ಅದಕ್ಕೆ ಯಾವ ಅರ್ಜಿಯೂ ಇಲ್ಲ. ಇದನ್ನು ನಾವು ಎಲ್ಲರೆದುರು ಒಪ್ಪಿಕೊಳ್ಳುತ್ತೇವೆ.

ಅಚ್ಚಿನಲ್ಲಿ ಒತ್ತಿದ ಸಾಕ್ಷಿಗಳು

ಈ ತಪ್ಪು ನಮ್ಮೊಬ್ಬರದೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಕೂಟಗಳಲ್ಲಿ ಸಾಕ್ಷಿಗೆ ಒಂದು ಅಚ್ಚು ತಯಾರಾಗಿಬಿಟ್ಟಿದೆ. ‘ಹಿಂದೆ ನಾನು ಕುಡಿಯುತ್ತಿದ್ದೆ, ಹೆಂಡತಿಯನ್ನು ಹೊಡೆಯುತ್ತಿದ್ದೆ. ಒಂದು ಕೂಟಕ್ಕೆ ಹೋದೆ, ಅತ್ತೆ, ನಂಬಿದೆ. ಈಗ ನನಗೆ ಏನೂ ಕೊರತೆಯಿಲ್ಲ.’ ಇಂಥ ಸಾಕ್ಷಿಗಳನ್ನು ನಾವು ಹಾಸ್ಯ ಮಾಡುವುದಿಲ್ಲ. ಕುಡಿತ ಬಿಟ್ಟ ಗಂಡನಿಂದ ಒಂದು ಮನೆ ಹೇಗೆ ಬದುಕಿಕೊಳ್ಳುತ್ತದೆಂಬುದು ಲೈನಿನಲ್ಲಿ ಇರುವ ನಮಗಿಂತ ಯಾರಿಗೆ ಗೊತ್ತು? ಆದರೆ ‘ಏನೂ ಕೊರತೆಯಿಲ್ಲ’ ಎಂದು ಬರೆದ ಸಹೋದರನ ಮನೆಗೆ ನಾವು ಪ್ರಾರ್ಥನೆಗೆ ಹೋದಾಗ ಮಾಡಿನಿಂದ ನೀರು ಸೋರುತ್ತಿತ್ತು, ಪಾತ್ರೆ ಇಟ್ಟುಕೊಂಡು ಪ್ರಾರ್ಥನೆ ಮಾಡಿದೆವು. ಆ ಮಾಡಿನ ವಿಷಯ ಸಾಕ್ಷಿಯಲ್ಲಿ ಯಾಕೆ ಬರಲಿಲ್ಲ? ಬರೆದರೆ ತನ್ನ ನಂಬಿಕೆ ಕಡಿಮೆಯೆಂದು ಜನ ತಿಳಿದಾರು ಎಂಬ ಹೆದರಿಕೆ.

ಆ ಹೆದರಿಕೆಯನ್ನು ಹುಟ್ಟಿಸಿದವರು ಬೋಧಿಸುವ ನಾವು.

ಕ್ರಿಸ್ಮಸ್ ಕೂಟಕ್ಕೆ ತೋಟದ ದೊಡ್ಡವರು ಬಂದು ಕೂತಿರುವಾಗ ಹೇಳಿಸುವ ಸಾಕ್ಷಿಗಳು ಇನ್ನೊಂದು ಬಗೆ. ‘ದೇವರು ನಮ್ಮ ದೊರೆಗಳ ಮನಸ್ಸನ್ನು ತೆರೆದು ನಮಗೆ ನೀರಿನ ನಲ್ಲಿ ಕೊಡಿಸಿದನು.’ ದೇವರಿಗೆ ಸ್ತೋತ್ರ, ಒಳ್ಳೆಯದು. ಆದರೆ ಕುಡಿಯುವ ನೀರು, ವಾಸಕ್ಕೆ ಮನೆ, ಕಕ್ಕಸು, ಚಿಕಿತ್ಸೆ ಇವು ತೋಟದವರ ಹೊಣೆಯೆಂದು 1951ರ ತೋಟ ಕಾರ್ಮಿಕರ ಕಾನೂನಿನಲ್ಲೇ ಬರೆಯಲಾಯಿತು. 2020ರಲ್ಲಿ ಪಾರ್ಲಿಮೆಂಟು ಒಪ್ಪಿದ ಸಂಹಿತೆ ಆ ಕಾನೂನನ್ನು ತನ್ನೊಳಗೆ ಸೇರಿಸಿಕೊಂಡಿತು, ಆ ಹೊಣೆಗಳ ಮಾತು ಅದರಲ್ಲೂ ಉಂಟು. ಹಕ್ಕಾಗಿ ಬರಬೇಕಾದದ್ದನ್ನು ಉಪಕಾರವೆಂದು ದೇವರ ಸನ್ನಿಧಿಯಲ್ಲಿ ಹೇಳಿಸುವುದು ಸಾಕ್ಷಿಯಲ್ಲ, ಮುಖಸ್ತುತಿ.

ಹುಟ್ಟುಗುರುಡನಿಂದ ಕಲಿಯೋಣ

ಸಾಕ್ಷಿ ಹೇಳುವುದು ಹೇಗೆಂದು ತಿಳಿಯಬೇಕಾದರೆ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯವನ್ನು ಮನೆಯವರೆಲ್ಲ ಕೂತು ಮತ್ತೊಮ್ಮೆ ಓದಿರಿ. ಅಲ್ಲಿ ಒಬ್ಬ ಹುಟ್ಟುಗುರುಡ, ಭಿಕ್ಷೆ ಬೇಡುವವನು. ಕರ್ತನು ಅವನ ಕಣ್ಣಿಗೆ ಮಣ್ಣು ಹಚ್ಚಿ ಸಿಲೋವ ಕೊಳದಲ್ಲಿ ತೊಳೆದುಕೊಳ್ಳಲು ಕಳುಹಿಸಿದನು, ಅವನಿಗೆ ಕಣ್ಣು ಬಂತು. ಆಮೇಲೆ ವಿಚಾರಣೆಯೋ ವಿಚಾರಣೆ. ನೆರೆಯವರು ಕೇಳಿದರು, ಫರಿಸಾಯರು ಒಮ್ಮೆ ಕೇಳಿದರು, ಇನ್ನೊಮ್ಮೆ ಕೇಳಿದರು.

ಅವನು ಮಾಡಿದ್ದೇನೆಂದು ಗಮನಿಸಿರಿ. ತನಗೆ ಏನಾಯಿತೋ ಅದನ್ನು ಹೇಳಿದನು. ತನ್ನನ್ನು ಗುಣಪಡಿಸಿದವನು ಈಗ ಎಲ್ಲಿದ್ದಾನೆಂದು ಕೇಳಿದಾಗ ಗೊತ್ತಿಲ್ಲವೆಂದನು. ದೊಡ್ಡ ದೊಡ್ಡ ಪ್ರಶ್ನೆ ಹಾಕಿದಾಗ, ಅದು ತನಗೆ ತಿಳಿಯದೆಂದೂ, ತಾನು ಮೊದಲು ಕುರುಡನಾಗಿದ್ದುದೂ ಈಗ ನೋಡುತ್ತಿರುವುದೂ ಮಾತ್ರ ತನಗೆ ತಿಳಿದಿದೆಯೆಂದೂ ಹೇಳಿದನು. ಗೊತ್ತಿದ್ದದ್ದನ್ನು ಬಿಡಲಿಲ್ಲ, ಗೊತ್ತಿಲ್ಲದ್ದನ್ನು ಸೇರಿಸಲಿಲ್ಲ. ಈಗ ಕಾಣುತ್ತೇನೆಂದು ಮಾತ್ರ ಹೇಳಿ, ಹಿಂದೆ ಕುರುಡನಾಗಿ ದಾರಿಯಲ್ಲಿ ಕೂತು ಬೇಡುತ್ತಿದ್ದೆನೆಂಬುದನ್ನು ಮುಚ್ಚಿಟ್ಟಿದ್ದರೆ ಅವನ ಸಾಕ್ಷಿಗೆ ಏನು ಬೆಲೆಯಿತ್ತು?

ಅವನ ತಂದೆತಾಯಿಗಳನ್ನೂ ನೋಡಿರಿ. ಅವರಿಗೂ ವಿಷಯ ಗೊತ್ತು. ಆದರೆ ಸಭಾಮಂದಿರದಿಂದ ಹೊರಗೆ ಹಾಕಿಯಾರೆಂಬ ಹೆದರಿಕೆಯಿಂದ, ಮಗನಿಗೆ ಪ್ರಾಯ ಬಂದಿದೆ, ಅವನನ್ನೇ ಕೇಳಿರಿ ಎಂದು ಜಾರಿಕೊಂಡರು. ಅವರನ್ನು ನಾವು ಬಯ್ಯಲಾರೆವು. ಲೈನುಮನೆ ಖಾಲಿ ಮಾಡಿಸಿಯಾರು, ಮಗನಿಗೆ ಹೆಸರು ಕೊಡಲಿಕ್ಕಿಲ್ಲ ಎಂಬ ಹೆದರಿಕೆಯಲ್ಲಿ ನಾವೂ ಎಷ್ಟು ಸಲ ಹಾಗೆಯೇ ಮಾತಾಡಿಲ್ಲ? ಮಗನು ಮಾತ್ರ ಜಾರಿಕೊಳ್ಳಲಿಲ್ಲ, ಅವನನ್ನು ಹೊರಗೆ ಹಾಕಿದರು. ಹಾಗೆ ಹೊರಗೆ ಬಿದ್ದವನನ್ನೇ ಕರ್ತನು ಹುಡುಕಿಕೊಂಡು ಹೋದನು.

ಒಂದು ಹಡಗು, ಎರಡು ಸಾಕ್ಷಿ

ಅರ್ಧ ಸಾಕ್ಷಿಯಿಂದ ಎಷ್ಟು ಕೇಡಾಗಬಹುದೆಂಬುದಕ್ಕೆ ಸಭೆಯ ಚರಿತ್ರೆಯಿಂದಲೇ ಒಂದು ಉದಾಹರಣೆ ಕೊಡುತ್ತೇವೆ. ಇಂಗ್ಲೆಂಡಿನ ಜಾನ್ ನ್ಯೂಟನ್ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ‘ಅಮೇಜಿಂಗ್ ಗ್ರೇಸ್’ ಎಂಬ ಸಂಗೀತ ಬರೆದವನು. 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ಸಿಕ್ಕಿ ದೇವರನ್ನು ಕೂಗಿದನು, ಅಲ್ಲಿಂದ ಅವನ ಮನಸ್ಸು ತಿರುಗತೊಡಗಿತು. ಆದರೆ ಅದಾದ ಮೇಲೆಯೂ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗಿನಲ್ಲಿ ದುಡಿದನು, ಕಪ್ತಾನನೂ ಆದನು. ಆಫ್ರಿಕದ ಗಂಡಸರು, ಹೆಂಗಸರು, ಮಕ್ಕಳು ಸಂಕೋಲೆಯಲ್ಲಿ ಹಡಗಿನ ಕೆಳಗೆ ಬಿದ್ದಿರುತ್ತಿದ್ದರು, ಮೇಲೆ ಕಪ್ತಾನನು ಪ್ರಾರ್ಥನೆ ಮಾಡುತ್ತಿದ್ದನು. 1764ರಲ್ಲಿ ತನ್ನ ಜೀವನದ ಸಾಕ್ಷಿಯನ್ನು ಪುಸ್ತಕವಾಗಿ ಪ್ರಕಟಿಸಿದನು, ಜನ ಮೆಚ್ಚಿ ಓದಿದರು. ಅದರಲ್ಲಿ ಅವನ ಆತ್ಮದ ಕಥೆ ವಿವರವಾಗಿತ್ತು. ಆ ವ್ಯಾಪಾರವೇ ಪಾಪವೆಂಬ ಮಾತು ಮಾತ್ರ ಇರಲಿಲ್ಲ.

ಆ ಮಾತನ್ನು ಅವನು ಬರೆದದ್ದು 1788ರಲ್ಲಿ, 24 ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಎಷ್ಟು ಹಡಗು ತುಂಬಿ ಹೋದವೋ ದೇವರಿಗೇ ಗೊತ್ತು. ತನ್ನ ಒಪ್ಪಿಗೆ ತಡವಾಗಿ ಬಂತೆಂದು ಅವನೇ ನಾಚಿಕೆಯಿಂದ ಬರೆದನು. ಆ ನಾಚಿಕೆಯನ್ನು ನಾವು ಗೌರವಿಸುತ್ತೇವೆ, ಮತ್ತು ಅದರಿಂದ ಎಚ್ಚರಿಕೆ ಪಡೆಯುತ್ತೇವೆ.

ಮರುವರ್ಷವೇ, 1789ರಲ್ಲಿ, ಒಲಾಡಾ ಈಕ್ವಿಯಾನೋ ಎಂಬವನು ತನ್ನ ಜೀವನಕಥೆಯನ್ನು ಪ್ರಕಟಿಸಿದನು. ಅವನು ಗುಲಾಮನಾಗಿದ್ದು 1766ರಲ್ಲಿ ಹಣ ಕೊಟ್ಟು ತನ್ನನ್ನು ತಾನೇ ಬಿಡಿಸಿಕೊಂಡವನು. ಆ ಪುಸ್ತಕದಲ್ಲಿಯೂ ಕ್ರಿಸ್ತನನ್ನು ನಂಬಿದ ಕಥೆಯಿದೆ. ಆದರೆ ಅದೇ ಪುಸ್ತಕದಲ್ಲಿ ಹಡಗಿನ ಕೆಳಗಿನ ನಾತವಿದೆ, ಚಾಟಿಯಿದೆ, ವೆಸ್ಟ್ ಇಂಡೀಸಿನ ದ್ವೀಪಗಳಲ್ಲಿ ಗುಲಾಮರಿಂದ ದುಡಿಸಿಕೊಂಡ ಕ್ರೌರ್ಯವಿದೆ. ಎರಡನ್ನೂ ಅವನು ಬೇರೆ ಮಾಡಲಿಲ್ಲ. ಅವನು ಬದುಕಿದ್ದಾಗಲೇ ಅದು ಒಂಬತ್ತು ಸಲ ಅಚ್ಚಾಯಿತು. ಗುಲಾಮರ ವ್ಯಾಪಾರವನ್ನು ಬ್ರಿಟಿಷ್ ಪಾರ್ಲಿಮೆಂಟು 1807ರಲ್ಲಿ ನಿಲ್ಲಿಸಿತು. ಅದಕ್ಕಾಗಿ ನಡೆದ ಹೋರಾಟದಲ್ಲಿ ಇಂಥ ತುಂಬು ಸಾಕ್ಷಿಗಳಿಗೆ ದೊಡ್ಡ ಪಾಲಿತ್ತು.

ಅಷ್ಟು ದೂರದ ಕಥೆ ನಮಗೇಕೆ ಎನ್ನುವಿರೋ? ನಮ್ಮ ಹತ್ತಿರದ್ದನ್ನೇ ನೋಡೋಣ. 1850ರ ದಶಕದಲ್ಲಿ ಬಾಸೆಲ್ ಮಿಶನಿನ ಮೋಗ್ಲಿಂಗ್ ಕೊಡಗಿಗೆ ಹೋದಾಗ, ಜಮೀನಿನ ಜೊತೆಗೇ ಕಟ್ಟಿಹಾಕಿದ ಜೀತದ ದಲಿತ ಕುಟುಂಬಗಳು ಅವರ ಬಳಿಗೆ ಬಂದವು. ಆ ದಶಕ ಮುಗಿಯುವ ಹೊತ್ತಿಗೆ ಅಂಥವರಿಗಾಗಿ ಆನಂದಪುರವೆಂಬ ಊರು ಎದ್ದಿತು. ಮಂಗಳೂರಿನಲ್ಲಿ ಕ್ರೈಸ್ತರಾದ ಆನಂದರಾವ್ ಕೌಂಡಿನ್ಯರು ಅದಕ್ಕೆ ನೆರವಾದರು, ಅಲ್ಲಿ ಕಾಫಿ ತೋಟವೂ ಆಯಿತು. ಅಂದರೆ ಕನ್ನಡ ನಾಡಿನ ಕ್ರೈಸ್ತ ತೋಟ ಕೆಲಸಗಾರರಲ್ಲಿ ಅವರು ನಮ್ಮ ಹಿರಿಯರು. ಅವರ ಕಥೆ ನಮಗೆ ಯಾರ ಬಾಯಿಂದ ಬಂತು? ಹೆಚ್ಚಾಗಿ ಮಿಶನರಿಗಳ ವರದಿ, ಕಾಗದಗಳಿಂದ. ಮಿಶನಿಗೆ ಸೇರಲು ಹೋಗುವ ಯುವಕರು ತಮ್ಮ ತಮ್ಮ ಜೀವನಕಥೆಯನ್ನು ಬರೆದುಕೊಡಬೇಕೆಂಬ ಪದ್ಧತಿ ಬಾಸೆಲಿನಲ್ಲಿತ್ತು. ಜೀತದಿಂದ ಬಂದ ತಾಯಿಗೆ ಯಾರು ಹಾಳೆ ಕೊಟ್ಟರು, ಯಾರು ಕೇಳಿ ಬರೆದುಕೊಂಡರು? ಆಕೆಯ ಮಾತು ಆಕೆಯ ಬಾಯಿಂದಲೇ ಉಳಿದಿದ್ದರೆ ನಮಗೆ ಎಷ್ಟು ಬಲವಾಗುತ್ತಿತ್ತು! ಈ ಪುಟ ಇರುವುದು ಅದಕ್ಕಾಗಿಯೇ.

ಎರಡು ಕಡೆಯವರಿಗೆ ಉತ್ತರ

ನಮ್ಮ ಮಾತನ್ನು ಒಪ್ಪದವರು ಎರಡು ಕಡೆ ಇದ್ದಾರೆ.

ಒಂದು ಕಡೆಯವರು, ಕೂಲಿ, ಮನೆ, ನೀರು ಇವೆಲ್ಲ ಲೋಕದ ವಿಷಯ, ಸಾಕ್ಷಿ ಆತ್ಮದ ವಿಷಯ ಎನ್ನುತ್ತಾರೆ. ಇವರಿಗೆ ನಮ್ಮ ಪ್ರಶ್ನೆ ಒಂದೇ. ಕೂಲಿಯ ಹತ್ತರಲ್ಲೊಂದು ಪಾಲನ್ನು ಕಾಣಿಕೆ ಚೀಲಕ್ಕೆ ಹಾಕುವುದು ಆತ್ಮಿಕ ವಿಷಯವಾದರೆ, ಆ ಕೂಲಿಯೇ ಕೈಗೆ ಬಾರದಿರುವುದು ಲೋಕದ ವಿಷಯ ಹೇಗಾಯಿತು? ಯಾಕೋಬನ ಪತ್ರದ ಐದನೆಯ ಅಧ್ಯಾಯದಲ್ಲಿ ಪೈರು ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯ ಕೂಗು ದೇವರ ಕಿವಿಗೆ ಬಿತ್ತೆಂದಿದೆ. ದೇವರ ಕಿವಿಗೆ ಬಿದ್ದದ್ದು ನಮ್ಮ ಪುಟಕ್ಕೆ ಬರಬಾರದೇ? 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಮೊರೆಯೇ. 88ನೆಯ ಕೀರ್ತನೆಯಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೆ ಎಲ್ಲವೂ ಸರಿಹೋಯಿತೆಂದು ಅದು ಹೇಳುವುದಿಲ್ಲ. ದೇವರ ವಾಕ್ಯದೊಳಗೆ ಅದಕ್ಕೆ ಜಾಗವಿರುವಾಗ, ಕಷ್ಟ ಇನ್ನೂ ತೀರದವರ ಸಾಕ್ಷಿಗೆ ನಮ್ಮಲ್ಲಿ ಜಾಗವಿಲ್ಲವೆನ್ನಲು ನಾವು ಯಾರು?

ಇನ್ನೊಂದು ಕಡೆಯವರು ನಮ್ಮ ಸಂಘದ ಗೆಳೆಯರೇ. ‘ಸಾಕ್ಷಿ ಬರೆದರೆ ಕೂಲಿ ಏರುತ್ತದೆಯೇ? ಆ ಹಾಳೆಯಲ್ಲಿ ಬೇಡಿಕೆ ಬರೆಯಿರಿ’ ಎನ್ನುತ್ತಾರೆ. ಸಾಕ್ಷಿಯಿಂದ ಕೂಲಿ ಏರುವುದಿಲ್ಲ, ಒಪ್ಪಿದೆವು. ಅರ್ಜಿಗೆ ಚೆಕ್‌ರೋಲಿನ ನಂಬರು ಬೇಕು, ತಾರೀಕು ಬೇಕು, ಎಷ್ಟು ಬಾಕಿಯೆಂಬ ಲೆಕ್ಕ ಬೇಕು, ಹತ್ತು ಜನರ ಸಹಿ ಬೇಕು. ಅದನ್ನು ಸಂಘದಲ್ಲಿಯೇ ಮಾಡಬೇಕು. ಪ್ರಾರ್ಥಿಸಿದೆನಾದ್ದರಿಂದ ಸಂಘಕ್ಕೆ ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ಆ ಮಾತು ನಮ್ಮ ಪತ್ರಿಕೆಯದಲ್ಲ. ಆದರೆ ಗೆಳೆಯರೇ, ಮಗು ತೀರಿಕೊಂಡ ರಾತ್ರಿ ತಾಯಿಯೊಬ್ಬಳು ದೇವರೊಡನೆ ಜಗಳವಾಡಿದ್ದನ್ನು ಬರೆಯಲು ನಿಮ್ಮ ಬೇಡಿಕೆ ಪಟ್ಟಿಯಲ್ಲಿ ಯಾವ ಕಲಮಿದೆ? ನಮ್ಮ ಬಾಳು ಕೂಲಿಗಿಂತ ದೊಡ್ಡದು ಎಂಬುದನ್ನು ತೋಟದ ಆಫೀಸು ಮರೆಯುತ್ತದೆ, ನೀವೂ ಮರೆಯಬೇಡಿರಿ. ಸಭೆಯ ಮುಂದೆ ನಿಂತು ತನ್ನ ಬಾಳನ್ನು ತನ್ನ ಮಾತಿನಲ್ಲಿ ಹೇಳಲು ಕಲಿತ ಹೆಂಗಸು ನಾಳೆ ಆಫೀಸಿನ ಬಾಗಿಲಲ್ಲಿಯೂ ತಡವರಿಸುವುದಿಲ್ಲ. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಸಾಕ್ಷಿಗೆ ಎಲ್ಲೆಯಿದೆ

ತುಂಬು ಸಾಕ್ಷಿ ಬೇಕೆಂದರೆ ಬಾಯಿಗೆ ಬಂದದ್ದನ್ನೆಲ್ಲ ಬರೆಯಬಹುದೆಂದಲ್ಲ. ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆ ಈ ಪುಟಕ್ಕೂ ಅನ್ವಯಿಸುತ್ತದೆ.

ಮೊದಲನೆಯದಾಗಿ, ನಿಮ್ಮ ಸಾಕ್ಷಿ ನಿಮ್ಮದು, ಇನ್ನೊಬ್ಬರಿಗೆ ಕಟ್ಟಳೆಯಲ್ಲ. ಒಂದು ವಿಷಯ ಸ್ಥಿರಪಡಲು ಇಬ್ಬರು ಮೂವರ ಸಾಕ್ಷಿ ಬೇಕೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ದೇವರು ನಿಮ್ಮನ್ನು ಒಂದು ದಾರಿಯಲ್ಲಿ ನಡೆಸಿದನೆಂದು, ಪಕ್ಕದ ಮನೆಯವರನ್ನೂ ಅದೇ ದಾರಿಯಲ್ಲಿ ನಡೆಸಬೇಕೆಂದಿಲ್ಲ.

ಎರಡನೆಯದು, ರೋಗದ ವಿಷಯ. ‘ಪ್ರಾರ್ಥನೆ ಮಾಡಿ ಕ್ಷಯದ ಮಾತ್ರೆಗಳನ್ನು ಬಿಸಾಡಿದೆ, ಗುಣವಾಯಿತು’ ಎಂಬಂಥ ಸಾಕ್ಷಿಯನ್ನು ನಾವು ಅಚ್ಚು ಹಾಕುವುದಿಲ್ಲ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಔಷಧಿ ತಿನ್ನಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಟ್ಟರೆ ರೋಗ ಮರಳಿ ಬರುತ್ತದೆ, ಆಗ ಅದೇ ಔಷಧಿಗೆ ಬಗ್ಗದೆ ಹೋಗಬಹುದು. ಒಬ್ಬರ ಸಾಕ್ಷಿ ಓದಿ ಇನ್ನೊಬ್ಬರು ಮಾತ್ರೆ ಬಿಟ್ಟರೆ ಆ ರಕ್ತ ಯಾರ ತಲೆಯ ಮೇಲೆ? ಪ್ರಾರ್ಥನೆಯನ್ನೂ ಮಾಡಿರಿ, ಔಷಧಿಯನ್ನೂ ತಿನ್ನಿರಿ, ಎರಡನ್ನೂ ಬರೆಯಿರಿ. ಗುಣವಾಗದವರು ನಂಬಿಕೆ ಕಡಿಮೆಯಾದವರೆಂದು ಎಂದೂ ಬರೆಯಬೇಡಿರಿ. ಆ ಕುರುಡನನ್ನು ಕಂಡಾಗ ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದರು, ಕರ್ತನು ಆ ಲೆಕ್ಕವನ್ನೇ ಒಪ್ಪಲಿಲ್ಲ.

ಮೂರನೆಯದು, ಇನ್ನೊಬ್ಬರ ಮಾನ. ಲೈನಿನಲ್ಲಿ ಎರಡು ಮನೆಗೆ ಒಂದೇ ಗೋಡೆ. ಆಚೆ ಮನೆಯ ಜಗಳ, ಅಳು, ರೋಗ ಎಲ್ಲವೂ ನಮಗೆ ಕೇಳಿಸುತ್ತದೆ. ಕೇಳಿಸಿದ್ದೆಲ್ಲ ನಮ್ಮ ಸಾಕ್ಷಿಯಲ್ಲ. ನಿಮ್ಮ ಪಾಪವನ್ನು ನೀವು ಒಪ್ಪಿಕೊಳ್ಳಿರಿ. ಸೊಸೆಯ ತಪ್ಪನ್ನು, ಮಗಳ ಕಥೆಯನ್ನು, ಗಂಡನ ರೋಗವನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಬೇಡಿರಿ. ಹೊಡೆತ ತಿನ್ನುತ್ತಿರುವ ಅಕ್ಕಂದಿರಿಗೆ ಮಾತ್ರ ಈ ಮಾತು ಬಾಯಿ ಮುಚ್ಚಿಸಲು ಅಲ್ಲ. ನಿಮಗೆ ಬಿದ್ದ ಪೆಟ್ಟು ನಿಮ್ಮ ಸಾಕ್ಷಿಯೇ, ಅದನ್ನು ಹೇಳಲು ಯಾರ ಒಪ್ಪಿಗೆಯೂ ಬೇಡ. ಹೆಸರು ಬಿಟ್ಟು ಹಾಕುವ ಹೊಣೆ ನಮ್ಮದು.

ನಾಲ್ಕನೆಯದು, ದೊಡ್ಡದು ಮಾಡಬೇಡಿರಿ. ಒಂದು ಕುಪ್ಪಿಯನ್ನು ಹತ್ತು ಕುಪ್ಪಿಯಾಗಿಸಿ ಹಿಂದಿನ ಪಾಪವನ್ನು ಬೆಳೆಸುವುದೂ ಹೆಮ್ಮೆಯೇ. ಕೆಟ್ಟತನ ಎಷ್ಟಿತ್ತೋ ಅಷ್ಟೇ ಇರಲಿ, ಕೃಪೆ ಅಷ್ಟಕ್ಕೂ ಸಾಕು.

ಇನ್ನು ಮುಂದೆ

ಈ ಪುಟಕ್ಕೆ ಬರುವ ಬರಹದಲ್ಲಿ ಕಷ್ಟದ ಮಾತನ್ನಾಗಲಿ ಕೂಲಿಯ ಮಾತನ್ನಾಗಲಿ ನಾವಾಗಿ ಹೊಡೆದು ಹಾಕುವುದಿಲ್ಲ. ಉದ್ದವಾದರೆ ಕೇಳಿ ಚಿಕ್ಕದು ಮಾಡುತ್ತೇವೆ. ಹೆಸರು ಹಾಕಿದರೆ ಮನೆಗೆ ತೊಂದರೆಯಾದೀತೆಂದು ಕಂಡರೆ ಹೆಸರು ಬಿಡುತ್ತೇವೆ, ಮಾತನ್ನು ಬಿಡುವುದಿಲ್ಲ. ಬರೆಯಲು ಬಾರದವರು ಹೇಳಿರಿ, ನಮ್ಮ ಯುವಕರು ಬರೆದುಕೊಳ್ಳುತ್ತಾರೆ. ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿಸಿಕೊಳ್ಳಿರಿ. ನಿಮ್ಮ ಮಾತಲ್ಲದ್ದು ಇದ್ದರೆ ತೆಗೆಸಿರಿ, ನಿಮ್ಮ ಮಾತು ಬಿಟ್ಟಿದ್ದರೆ ಹಾಕಿಸಿರಿ. ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರೆಂದು ಆಫೀಸಿನ ಕಾಗದಗಳ ವಿಷಯದಲ್ಲಿ ನಿಮಗೆ ಹೇಳುತ್ತ ಬಂದಿದ್ದೇವೆ. ನಮ್ಮ ಕಾಗದಕ್ಕೂ ಅದೇ ನಿಯಮವಿರಲಿ.

ಆ ತಾಯಿಯ ಸಾಕ್ಷಿಯನ್ನು ಅವರ ಒಪ್ಪಿಗೆ ಪಡೆದು ಮುಂದಿನ ಸಂಚಿಕೆಯಲ್ಲಿ ಮತ್ತೆ ಹಾಕುತ್ತೇವೆ. ಈ ಸಲ ಎರಡು ಮಾತೂ ಇರುತ್ತದೆ.

ಸತ್ಯವನ್ನು ಹೇಳುವ ಧೈರ್ಯವನ್ನೂ, ತಿಳಿಯದಿದ್ದಲ್ಲಿ ತಿಳಿಯದೆನ್ನುವ ತಗ್ಗನ್ನೂ ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ.

ನಿಮ್ಮ ಸೇವೆಯಲ್ಲಿ,
ಪತ್ರಿಕೆಯ ಬಳಗದವರು